ಬೆಂಕಿ ಕಾಯಿಸಿಕೊಂಡ ಕೈಗಳು: ದ್ರೋಹ ಮತ್ತು ದೇವಕರುಣೆಯ ಕವಿತೆ ಬರೆಯುವ ಬಗೆ

ತಪಸ್ಸು ಕಾಲ ಬಂತೆಂದರೆ ಚರ್ಚಿನ ಪತ್ರಿಕೆಗಳಿಗೂ ಶುಭ ಶುಕ್ರವಾರದ ಆರಾಧನೆಗೂ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಮೇಲೆ, ಕೋಳಿ ಕೂಗುವುದರೊಳಗೆ ಮೂರು ಸಲ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನ ಮೇಲೆ ಕವಿತೆಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಮೊದಲ ಅರ್ಧದಲ್ಲಿ ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದವನಿಗೆ ಬೈಗುಳ, ಉಳಿದ ಅರ್ಧದಲ್ಲಿ ‘ನನ್ನನ್ನಾದರೂ ಕ್ಷಮಿಸು ಪ್ರಭುವೇ’ ಎಂಬ ಮೊರೆ. ಈ ಎರಡು ಅರ್ಧಗಳ ನಡುವೆ ಹೊಲಿಗೆಯೇ ಇರುವುದಿಲ್ಲ. ನಾನು ಬರೆದ ಮೊದಲ ಕವಿತೆಯೂ ಹೀಗೆಯೇ ಇತ್ತು; ನಾಲ್ಕು ಸಾಲುಗಳಲ್ಲಿ ಯೂದನನ್ನು ನರಕಕ್ಕೆ ಅಟ್ಟಿ, ಐದನೆಯ ಸಾಲಿನಲ್ಲಿ ನಾನು ಸ್ವರ್ಗದ ಬಾಗಿಲು ತಟ್ಟಿದ್ದೆ. ದ್ರೋಹದ ಭಾರವನ್ನು ಹಗುರ ಮಾಡಿದ ಕವಿತೆಯಲ್ಲಿ ಕರುಣೆಯೂ ಹಗುರವಾಗಿಯೇ ಬರುತ್ತದೆ ಎಂಬುದು ನನಗೆ ಅರ್ಥವಾಗಲು ಕೆಲವು ವರ್ಷಗಳು ಹಿಡಿದವು. ಈ ಲೇಖನವು ಇಪ್ಪತ್ತನಾಲ್ಕರಿಂದ ಮೂವತ್ತಾರು ಸಾಲುಗಳ ಒಂದು ಕವಿತೆಯನ್ನು, ಪವಿತ್ರ ವಾರದಲ್ಲಿ ಸಭೆಯ ಮುಂದೆ ಓದಬಹುದಾದಂಥದ್ದನ್ನು, ಬರೆಯಬೇಕೆಂದಿರುವವರಿಗಾಗಿ.

ಮೊದಲ ಹೆಜ್ಜೆ: ಒಂದೇ ಸುವಾರ್ತೆಯನ್ನು ಹಿಡಿಯಿರಿ

ಯೇಸುವಿನ ಜೀವನವನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಸುವಾರ್ತೆಗಳೂ ಅವನನ್ನು ಹಿಡಿದುಕೊಟ್ಟ ಆ ರಾತ್ರಿಯ ಕಥೆಯನ್ನು ಹೇಳುತ್ತವೆ, ಆದರೆ ನಾಲ್ಕೂ ಒಂದೇ ಕಥೆಯನ್ನು ಹೇಳುವುದಿಲ್ಲ. ನಾಲ್ಕನ್ನೂ ಕಲಸಿ ಬರೆದರೆ ಯಾವುದರ ಹರಿತವೂ ಉಳಿಯುವುದಿಲ್ಲ. ಮಾರ್ಕನಲ್ಲಿ ಕೋಳಿ ಎರಡು ಸಲ ಕೂಗುತ್ತದೆ. ಮೂರನೆಯ ಅಲ್ಲಗಳೆಯುವಿಕೆ ಮುಗಿಯುತ್ತಿರುವಾಗಲೇ ಪ್ರಭು ತಿರುಗಿ ಪೇತ್ರನನ್ನು ನೋಡಿದನೆಂದು ಹೇಳುವವನು ಲೂಕ ಒಬ್ಬನೇ (22:61). ಆ ನೋಟ ಉಳಿದ ಮೂವರಲ್ಲಿ ಇಲ್ಲ. ಯೂದನ ಪಶ್ಚಾತ್ತಾಪವನ್ನೂ ಅವನು ದೇವಾಲಯದಲ್ಲಿ ನಾಣ್ಯಗಳನ್ನು ಎಸೆದದ್ದನ್ನೂ ಹೇಳುವವನು ಮತ್ತಾಯ (27:3-5). ಭೋಜನದ ತುತ್ತನ್ನು ತೆಗೆದುಕೊಂಡು ಯೂದನು ಹೊರಗೆ ಹೋದಾಗ ರಾತ್ರಿಯಾಗಿತ್ತು ಎಂಬ ಪುಟ್ಟ ವಾಕ್ಯವನ್ನು ಬರೆದವನು ಯೋಹಾನ (13:30). ಇವುಗಳಲ್ಲಿ ನಿಮ್ಮ ಮನಸ್ಸನ್ನು ಯಾವುದು ಹಿಡಿದಿಟ್ಟುಕೊಂಡಿತೋ ಆ ಸುವಾರ್ತೆಯ ಆ ಅಧ್ಯಾಯವನ್ನು ಮೂರು ದಿನ, ದಿನಕ್ಕೊಂದು ಸಲ, ಗಟ್ಟಿಯಾಗಿ ಓದಿರಿ. ಪ್ರೊಟೆಸ್ಟಂಟರ ಸತ್ಯವೇದವನ್ನು ಓದುವವರು ಒಮ್ಮೆ ಕಥೋಲಿಕರ ಅನುವಾದವನ್ನೂ, ಅವರು ಇವರದನ್ನೂ ತೆರೆದು ನೋಡಬೇಕು. ಒಂದೇ ಸನ್ನಿವೇಶಕ್ಕೆ ಎರಡು ಬೇರೆ ಕನ್ನಡಗಳು ಕೇಳಿಸುತ್ತವೆ, ಕವಿಗೆ ಇದು ಪುಕ್ಕಟೆಯಾಗಿ ಸಿಗುವ ಪಾಠ.

ಓದುವಾಗ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿರಿ. ಯೋಹಾನನ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವಾಗ ಯೂದನು ಇನ್ನೂ ಹೊರಗೆ ಹೋಗಿಲ್ಲ. ಅಂದರೆ ಆ ಕೈಗಳು ಅವನ ಪಾದಗಳನ್ನೂ ತೊಳೆದಿವೆ. ಯೋಹಾನ ಇದನ್ನು ಒತ್ತಿ ಹೇಳುವುದಿಲ್ಲ, ಅಲ್ಲೇ ಬಿಟ್ಟು ಮುಂದೆ ಹೋಗುತ್ತಾನೆ. ಹೀಗೆ ಹೇಳದೆ ಬಿಟ್ಟ ಜಾಗಗಳಲ್ಲಿಯೇ ಕವಿತೆಗೆ ಎಡೆ ಇರುತ್ತದೆ.

ಎರಡನೆಯ ಹೆಜ್ಜೆ: ನಿಮ್ಮ ದ್ರೋಹವನ್ನು ಬೇರೆ ಹಾಳೆಯಲ್ಲಿ ಬರೆಯಿರಿ

ನಮಗೆ ಯಾರೋ ಮಾಡಿದ ದ್ರೋಹವನ್ನು ನೆನೆದು ಬರೆಯಲು ಹೊರಟರೆ ಪೆನ್ನು ಬಲು ಬೇಗ ಓಡುತ್ತದೆ. ನಮ್ಮನ್ನು ನಾವು ಯೇಸುವಿನ ಜಾಗದಲ್ಲಿ ಕೂರಿಸಿಕೊಂಡು ಬಿಡುತ್ತೇವೆ. ಅದು ದೂರಿನ ಪತ್ರ. ದೂರಿಗೂ ಬೈಬಲಿನಲ್ಲಿ ಸ್ಥಾನವಿದೆ: ನಿಂದಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಅವನು ನನ್ನ ಜೊತೆಗಾರನೇ ಆಗಿದ್ದನಲ್ಲ ಎಂದು ಐವತ್ತೈದನೆಯ ಕೀರ್ತನೆ ನರಳುತ್ತದೆ, ನನ್ನ ರೊಟ್ಟಿ ತಿಂದವನೇ ನನಗೆ ಕಾಲೆತ್ತಿದನು ಎಂದು ನಲವತ್ತೊಂದನೆಯದು ಹೇಳುತ್ತದೆ. ‘ಉಂಡ ಮನೆಗೆ ಎರಡು ಬಗೆದ’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಹತ್ತಿರದ ವಾಕ್ಯ ಸಿಗಲಾರದು. ಆದರೂ ಕರುಣೆಯನ್ನು ಕುರಿತ ಕವಿತೆಗೆ ದೂರಿನಿಂದ ಹಾದಿ ಉದ್ದ.

ಆದ್ದರಿಂದ ನೀವು ಮಾಡಿದ ಒಂದು ದ್ರೋಹವನ್ನು, ಅದು ಚಿಕ್ಕದಾದರೂ ಸರಿ, ಗದ್ಯದಲ್ಲಿ ಬರೆದಿಡಿ: ಅಂದು ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಯಾವ ಮಾತು ಬಾಯಿಂದ ಬಂತು, ಅದನ್ನು ಕೇಳಿಸಿಕೊಂಡವರು ಯಾರು. ಆಫೀಸಿನಲ್ಲಿ ಗೆಳೆಯನ ಹೆಸರು ಬಂದಾಗ ‘ಅವನು ನನಗೆ ಅಷ್ಟೇನೂ ಪರಿಚಯವಿಲ್ಲ’ ಎಂದು ಜಾರಿಕೊಂಡದ್ದು ಪೇತ್ರನ ಮಾತಿಗಿಂತ ಬಹಳ ದೂರದ್ದೇನಲ್ಲ. ಈ ಹಾಳೆಯನ್ನು ಕವಿತೆಯೊಳಗೆ ಸೇರಿಸಬಾರದು, ಯಾರಿಗೂ ತೋರಿಸಬಾರದು. ಬರೆಯುವಾಗ ಅದು ಮೇಜಿನ ಮೇಲಿದ್ದರೆ ಸಾಕು. ಸುಳ್ಳು ಸಾಲು ಬಂದ ಕೂಡಲೇ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಕೈಗೆ ಸಿಗುವ ಒಂದು ವಸ್ತು

‘ಪಾಪ’, ‘ಕೃಪೆ’, ‘ರಕ್ಷಣೆ’ ಎಂಬ ಮಾತುಗಳು ಸಭೆಯಲ್ಲಿ ಎಷ್ಟು ಸಲ ಕೇಳಿವೆಯೆಂದರೆ ಅವು ಕಿವಿಯ ಮೇಲೆ ಜಾರಿ ಹೋಗುತ್ತವೆ. ಆ ರಾತ್ರಿಯ ಕಥೆಯಲ್ಲಾದರೋ ಮುಟ್ಟಿ ನೋಡಬಹುದಾದ ವಸ್ತುಗಳು ಬೇಕಾದಷ್ಟಿವೆ: ಅದ್ದಿದ ರೊಟ್ಟಿಯ ತುಂಡು, ದೀವಟಿಗೆಗಳು, ಮುದ್ದು, ಕೆಂಡ, ಕೋಳಿಯ ಕೂಗು, ನಾಣ್ಯಗಳು, ಕುಂಬಾರನ ಹೊಲ. ಒಂದನ್ನು ಆರಿಸಿ, ಕವಿತೆಯ ತುದಿಯವರೆಗೂ ಅದನ್ನೇ ಹಿಡಿದುಕೊಂಡು ಹೋಗಬೇಕು.

ನಾಣ್ಯವನ್ನು ಆರಿಸಿದರೆ ಅದರ ಹಿಂದಿನ ಲೆಕ್ಕ ಗೊತ್ತಿರಬೇಕು. ಎತ್ತು ಹಾಯ್ದು ದಾಸನೊಬ್ಬ ಸತ್ತರೆ ಅವನ ಯಜಮಾನನಿಗೆ ಕೊಡಬೇಕಾದ ಪರಿಹಾರ ಮೂವತ್ತು ಶೆಕೆಲ್ ಬೆಳ್ಳಿ ಎಂದು ವಿಮೋಚನಕಾಂಡ ವಿಧಿಸುತ್ತದೆ (21:32). ಜೆಕರ್ಯನ ಗ್ರಂಥದಲ್ಲಿ ಕುರುಬನಿಗೆ ಅಳೆದು ಕೊಟ್ಟ ಕೂಲಿಯೂ ಅಷ್ಟೇ (11:12). ಹೀಗಾಗಿ ಮತ್ತಾಯನು ‘ಮೂವತ್ತು’ ಎಂದಾಗ ಅದು ದೊಡ್ಡ ಮೊತ್ತವೆಂದಲ್ಲ, ದಾಸನ ತಲೆಗೆ ಕಟ್ಟಿದ ಬೆಲೆಯೆಂದು ಕೇಳಿಸಬೇಕು. ಇನ್ನೂ ಮುಂದಕ್ಕೆ ಹೋದರೆ, ಯೂದನು ಎಸೆದುಹೋದ ಆ ಹಣವನ್ನು ಕಾಣಿಕೆಯ ಪೆಟ್ಟಿಗೆಗೆ ಹಾಕಲು ಯಾಜಕರು ಒಪ್ಪದೆ, ಅದರಿಂದ ಕುಂಬಾರನ ಹೊಲವನ್ನು ಕೊಂಡು ಪರದೇಶಿಗಳನ್ನು ಹೂಳುವುದಕ್ಕೆ ಬಿಡುತ್ತಾರೆ. ದ್ರೋಹದ ಹಣ ದಿಕ್ಕಿಲ್ಲದ ಹೆಣಗಳಿಗೆ ಆರಡಿ ಮೂರಡಿ ನೆಲವಾಯಿತು. ಯಾರೂ ಉದ್ದೇಶಿಸದ ಈ ತಿರುವಿನಲ್ಲಿ ಇಡೀ ಒಂದು ಕವಿತೆ ಮಲಗಿದೆ. ಇದನ್ನು ನೀವು ಬರೆದರೆ ನಾನು ಸಂತೋಷದಿಂದ ಓದುತ್ತೇನೆ.

ಕೆಂಡವನ್ನು ಆರಿಸುವವರು ಯೋಹಾನನ ಬಳಿ ಹೋಗಬೇಕು. ‘ಇದ್ದಲಿನ ಬೆಂಕಿ’ ಎಂಬ ಅರ್ಥದ ‘ಅಂಥ್ರಕಿಯ’ ಎಂಬ ಗ್ರೀಕ್ ಶಬ್ದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ. ಒಂದು, ಪೇತ್ರನು ಚಳಿಗೆ ಕೈಕಾಯಿಸಿಕೊಳ್ಳುತ್ತಾ ‘ನಾನಲ್ಲ’ ಎಂದ ಅಂಗಳದಲ್ಲಿ (18:18). ಇನ್ನೊಂದು, ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಯೇಸು ಮೀನು ಸುಡುತ್ತಾ ಶಿಷ್ಯರಿಗಾಗಿ ಕಾದಿದ್ದಾಗ (21:9). ಅದೇ ಹೊಗೆಯ ವಾಸನೆಯ ಪಕ್ಕದಲ್ಲಿ ಕೂರಿಸಿ, ಊಟ ಹಾಕಿ, ಆಮೇಲೆ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಕೇಳುತ್ತಾನೆ. ‘ಅಂದು ಯಾಕೆ ಹಾಗಂದೆ’ ಎಂದು ಒಮ್ಮೆಯೂ ಕೇಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕನ್ನಡವೇ ಕೊಡುವ ಎರಡು ಪದಗಳು

ಈ ವಿಷಯಕ್ಕೆ ಕನ್ನಡದಲ್ಲಿ ಎರಡು ನಿಧಿಗಳಿವೆ, ನಮ್ಮ ಬಹುಪಾಲು ಕವಿತೆಗಳು ಅವನ್ನು ಮುಟ್ಟುವುದೇ ಇಲ್ಲ.

ಒಂದು ‘ಒಪ್ಪಿಸು’. ಸುವಾರ್ತೆಗಳಲ್ಲಿ ಯೂದನ ಕೃತ್ಯಕ್ಕೆ ಬಳಕೆಯಾಗುವ ಗ್ರೀಕ್ ಕ್ರಿಯಾಪದ ‘ಪರದಿದೋಮಿ’. ಅದರ ನೇರ ಅರ್ಥ ಮೋಸ ಮಾಡು ಎಂದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡು, ಒಪ್ಪಿಸು ಎಂದು. ಮತ್ತಾಯನಲ್ಲಿ ಯೂದನು ಯೇಸುವನ್ನು ಮಹಾಯಾಜಕರಿಗೆ ಒಪ್ಪಿಸುತ್ತಾನೆ, ಅವರು ರೋಮನ್ ಅಧಿಪತಿ ಪಿಲಾತನಿಗೆ ಒಪ್ಪಿಸುತ್ತಾರೆ, ಪಿಲಾತನು ಶಿಲುಬೆಗೆ ಒಪ್ಪಿಸುತ್ತಾನೆ. ಮೂರು ಕಡೆಯೂ ಅದೇ ಪದ. ಆಮೇಲೆ ಪೌಲನು ರೋಮಾಪುರದವರಿಗೆ ಬರೆಯುತ್ತಾ, ದೇವರು ತನ್ನ ಸ್ವಂತ ಮಗನನ್ನು ಉಳಿಸಿಕೊಳ್ಳದೆ ನಮ್ಮೆಲ್ಲರಿಗೋಸ್ಕರ ಒಪ್ಪಿಸಿದನು ಎನ್ನುವಾಗಲೂ (8:32) ಅದೇ ಪದವನ್ನು ಎತ್ತಿಕೊಳ್ಳುತ್ತಾನೆ. ದ್ರೋಹಿಯ ಕ್ರಿಯೆಗೂ ದೇವರ ಕ್ರಿಯೆಗೂ ಒಂದೇ ಶಬ್ದ! ಇಂಗ್ಲಿಷಿನ ಬೈಬಲುಗಳು ಯೂದನಿಗೊಂದು, ದೇವರಿಗೊಂದು ಎಂದು ಬೇರೆ ಬೇರೆ ಶಬ್ದಗಳನ್ನು ಹಂಚಿದ್ದರಿಂದ ಆ ಓದುಗರಿಗೆ ಈ ನಡುಕ ಸುಲಭವಾಗಿ ಸಿಗುವುದಿಲ್ಲ. ನಮಗಾದರೋ ಕಳ್ಳನನ್ನು ಪೊಲೀಸರಿಗೆ ಒಪ್ಪಿಸುವುದು, ಮಗಳನ್ನು ಧಾರೆ ಎರೆದು ಒಪ್ಪಿಸುವುದು, ಮಗು ಮೇಷ್ಟರ ಮುಂದೆ ಪಾಠ ಒಪ್ಪಿಸುವುದು, ಕೆಲಸ ಮುಗಿಸಿ ಲೆಕ್ಕ ಒಪ್ಪಿಸುವುದು, ತಪ್ಪೊಪ್ಪಿಕೊಳ್ಳುವುದು, ಎಲ್ಲವೂ ಒಂದೇ ಬೇರಿನಿಂದ ಬಂದವು. ಶಿಲುಬೆಯ ಮೇಲೆ ಯೇಸು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುವಾಗ ಗ್ರೀಕಿನಲ್ಲಿ ಇರುವುದು ಬೇರೆ ಕ್ರಿಯಾಪದ, ಆದರೆ ಕನ್ನಡದ ‘ಒಪ್ಪಿಸು’ ಅದನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಕವಿತೆಯಲ್ಲಿ ಈ ಒಂದೇ ಪದವನ್ನು ಮೂರು ಬೇರೆ ಕೈಗಳಲ್ಲಿ ಇಟ್ಟು ನೋಡಿರಿ. ‘ವಿಶ್ವಾಸಘಾತುಕ’ ಎಂಬ ಉದ್ದನೆಯ ಪದ ಬೇಕೇ ಆಗುವುದಿಲ್ಲ.

ಎರಡನೆಯದು ‘ಕರುಳು’. ನಮ್ಮಲ್ಲಿ ಕರುಣೆ ಹುಟ್ಟುವುದು ತಲೆಯಲ್ಲಿ ಅಲ್ಲ, ಹೊಟ್ಟೆಯಲ್ಲಿ: ಕರುಳು ಚುರ್ ಎನ್ನುತ್ತದೆ, ತಾಯಿಕರುಳು ತಡೆಯುವುದಿಲ್ಲ. ಗ್ರೀಕಿನಲ್ಲಿಯೂ ಹಾಗೆಯೇ. ಕಳೆದುಹೋದ ಮಗನನ್ನು ದೂರದಿಂದ ಕಂಡ ತಂದೆಗೆ ಕನಿಕರ ಉಕ್ಕಿತು ಎಂದು ಲೂಕನು ಹೇಳುವಾಗ (15:20) ಬಳಸುವ ಕ್ರಿಯಾಪದ ‘ಕರುಳು’ ಎಂಬರ್ಥದ ‘ಸ್ಪ್ಲಾಂಖ್ನ’ದಿಂದ ಬಂದದ್ದು. ಅದೇ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನನ ತಂದೆ ಜಕರೀಯನ ಹಾಡಿನಲ್ಲಿ ದೇವರ ಕರುಣೆಯನ್ನು ಬಣ್ಣಿಸುವುದೂ ಆ ಪದವೇ (1:78). ಹೀಬ್ರೂ ಭಾಷೆಯ ‘ರಹಮೀಮ್’ ಕೂಡ ಗರ್ಭ ಎಂಬರ್ಥದ ಪದದ ನೆಂಟ. ಅದೇ ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಯೂದನ ಸಾವನ್ನು ಹೇಳುವಾಗ (1:18) ಅವನು ಬಿದ್ದು ನಡುವೆ ಸೀಳಿ ಕರುಳೆಲ್ಲ ಹೊರಚೆಲ್ಲಿತು ಎನ್ನುತ್ತಾನೆ, ಅಲ್ಲಿರುವುದೂ ‘ಸ್ಪ್ಲಾಂಖ್ನ’. ಲೂಕನು ಇದನ್ನು ಬೇಕೆಂದೇ ಹೆಣೆದನೆಂದು ನಾನು ವಾದಿಸುವುದಿಲ್ಲ. ಆದರೆ ಒಬ್ಬನ ಕರುಳು ನೆಲಕ್ಕೆ ಚೆಲ್ಲಿದ ಹೊಲಕ್ಕೂ ಇನ್ನೊಬ್ಬನ ಕರುಳು ಮಗನಿಗಾಗಿ ಮಿಡಿದ ದಾರಿಗೂ ನಡುವೆ ಕನ್ನಡದ ಕವಿ ಒಂದೇ ಪದದಿಂದ ಸೇತುವೆ ಕಟ್ಟಬಹುದು.

ಐದನೆಯ ಹೆಜ್ಜೆ: ಮಾತಾಡುವವರು ಯಾರು?

ಹೊರಗೆ ನಿಂತು ‘ಎಲೈ ಯೂದನೇ’ ಎಂದು ಕರೆಯುವ ಧ್ವನಿಯನ್ನು ಬಿಡಿ; ಅದು ತೀರ್ಪುಗಾರನ ಧ್ವನಿ. ದ್ರೋಹ ಮಾಡಿದವನೇ ಮಾತಾಡಲಿ, ಇಲ್ಲವೆ ಪಕ್ಕದಲ್ಲಿದ್ದು ನೋಡಿದವರು ಮಾತಾಡಲಿ. ‘ನೀನೂ ಅವನ ಸಂಗಡ ಇದ್ದವನು’ ಎಂದು ಪೇತ್ರನನ್ನು ಗುರುತಿಸಿದ ಆ ದಾಸಿ ಏನು ಕಂಡಳೆಂದು ಬರೆದರೆ ಅದೂ ಹೊಸತಾಗುತ್ತದೆ. ಅವಳ ಸುತ್ತ ನಿಂತವರು ಪೇತ್ರನನ್ನು ಅವನ ಗಲಿಲಾಯದ ಮಾತಿನ ಧಾಟಿಯಿಂದ ಗುರುತಿಸಿದರೆಂದು ಮತ್ತಾಯ ಹೇಳುತ್ತಾನೆ. ಬಾಯಿ ತೆರೆದರೆ ಊರು ತಿಳಿಯುವ ಕಷ್ಟ ಬೆಂಗಳೂರಿಗೆ ಬಂದ ಯಾವ ಕುಂದಾಪುರದವನಿಗೆ, ಯಾವ ಬೀದರಿನವನಿಗೆ ಗೊತ್ತಿಲ್ಲ?

ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಸಿರಿಯಾ ಮೂಲದ ಕವಿ ರೊಮಾನೋಸನು ಯೂದನನ್ನು ಕುರಿತು ಒಂದು ದೀರ್ಘ ಸ್ತುತಿಗೀತೆಯನ್ನು ರಚಿಸಿದ್ದಾನೆ. ಪದ್ಯದ ಒಡಲಿನಲ್ಲಿ ಯೂದನ ಮೇಲೆ ಕಟುವಾದ ಮಾತುಗಳ ಮಳೆಯೇ ಇದೆ, ಆದರೆ ಪ್ರತಿ ಚರಣದ ಕೊನೆಗೆ ಸಭೆ ಹಾಡಬೇಕಾದ ಪಲ್ಲವಿ ಮಾತ್ರ, ಎಲ್ಲರನ್ನೂ ಸಹಿಸುವ ದೇವರು ನಮ್ಮ ಮೇಲೆ ದಯೆ ಇಡಲಿ ಎಂಬ ಪ್ರಾರ್ಥನೆ. ‘ಅವನ ಮೇಲೆ’ ಎಂದಲ್ಲ, ‘ನಮ್ಮ ಮೇಲೆ’. ಬೆರಳು ಅವನತ್ತ ಚಾಚಿದಷ್ಟು ಸಲವೂ ಪಲ್ಲವಿ ಅದನ್ನು ಹಾಡುವವನತ್ತ ತಿರುಗಿಸುತ್ತದೆ. ಪಲ್ಲವಿಯಿಂದ ಇಂಥ ಕೆಲಸ ಮಾಡಿಸುವುದನ್ನು ಕೀರ್ತನೆಗಳನ್ನು ಹಾಡಿ ಬೆಳೆದ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ಯೂದನ ಹೆಸರನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಿ ಬರೆದ ಹಾಡುಗಳೂ ನಾಟಕಗಳೂ ಯುರೋಪಿನಲ್ಲಿ ಶತಮಾನಗಳ ಕಾಲ ದ್ವೇಷಕ್ಕೆ ಎಣ್ಣೆ ಸುರಿದಿವೆ. ಯೇಸು, ಪೇತ್ರ, ಮರಿಯ ಎಲ್ಲರೂ ಯೆಹೂದ್ಯರೇ. ನಿಮ್ಮ ಕವಿತೆಯಲ್ಲಿ ‘ಯೆಹೂದ್ಯರು’ ಎಂಬ ಪದ ದ್ರೋಹದ ಪಕ್ಕದಲ್ಲಿ ಬಂದಿದ್ದರೆ ಅದನ್ನು ಹೊಡೆದುಹಾಕಿರಿ.

ಆರನೆಯ ಹೆಜ್ಜೆ: ನಡಿಗೆ

ಮುಕ್ತಛಂದದಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೂ ಮೊದಲ ಸಲ ಬರೆಯುವವರು ಒಂದು ಮಾತ್ರಾಲಯವನ್ನು ಹಿಡಿಯುವುದು ಒಳ್ಳೆಯದೆಂದು ನನ್ನ ಅನುಭವ. ಲಯವು ಅನಗತ್ಯ ವಿಶೇಷಣಗಳನ್ನು ತಾನೇ ಹೊರದೂಡುತ್ತದೆ. ಕ್ರೈಸ್ತ ವಸ್ತುವಿಗೆ ದೇಸಿ ಛಂದಸ್ಸು ಒಗ್ಗುವುದೇ ಎಂದು ಅಂಜಬೇಕಾಗಿಲ್ಲ. 1894ರ ನಿಘಂಟಿನಿಂದ ನಾವೆಲ್ಲ ಬಲ್ಲ ಫರ್ಡಿನಾಂಡ್ ಕಿಟ್ಟೆಲ್ ಅದಕ್ಕೂ ಮೊದಲು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರು, ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಜೀವನವನ್ನು ‘ಕಥಾಮಾಲೆ’ಯಲ್ಲಿ ಇಲ್ಲಿನ ಛಂದಸ್ಸಿಗೆ ತಂದವರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಬರೆದರು. 1911ರಲ್ಲಿ ಆದಿಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ನಿಯಮವನ್ನು, ಕೈಬಿಟ್ಟು ಹಾದಿ ತೋರಿದವರೂ ಅವರೇ.

ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡಿಗೆ, ಒಂದು ಕಾಲನ್ನು ತುಸು ಎಳೆದು ನಡೆಯುವಂಥದ್ದು, ತಪ್ಪು ಮಾಡಿ ಹೊರಗೆ ಬರುವವನ ಹೆಜ್ಜೆಗೆ ಹೊಂದುತ್ತದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ಕೊನೆಯ ಗುರುವೂ ಸೇರಿ ಇಪ್ಪತ್ತಮೂರು. ಆದಿಪ್ರಾಸವನ್ನು ಬಿಟ್ಟು, ಲೂಕನನ್ನು ಹಿಡಿದು ನಾನು ಕಟ್ಟಿದ ಒಂದು ಪದ್ಯ ಹೀಗಿದೆ:

ಬೆಂಕಿ ಕಾಯಿಸಿಕೊಂಡ ಕೈಗಳು
ತಣ್ಣಗಾಗುವ ಮುನ್ನವೇ ಅದೊ
ಕೋಳಿ ಕೂಗಿತು, ಆಚೆ ಬದಿಯಲಿ ತಿರುಗಿ ನೋಡಿದನು
ಅರಿಯೆನೆಂದೆನು ಮೂರು ಸಲವೂ;
ಅರಿತನಾತನು ನನ್ನನೆಂಬುದು
ಅತ್ತ ಮೇಲೆಯೆ ತಿಳಿದು ಬಂದಿತು ಬೆಳಗು ಹರಿವಾಗ

ಇದರ ಮೊದಲ ಕರಡಿನಲ್ಲಿ ಮೂರನೆಯ ಸಾಲು ‘ಕರುಣೆ ತುಂಬಿದ ಕಣ್ಣ ನೋಟದಿ’ ಎಂದು ಶುರುವಾಗುತ್ತಿತ್ತು. ಮಾತ್ರೆ ಸರಿಯಾಗಿಯೇ ಇತ್ತು. ಆದರೆ ಆ ಕಣ್ಣಿನಲ್ಲಿ ಏನಿತ್ತೆಂದು ಲೂಕನೇ ಹೇಳದಿರುವಾಗ ನಾನು ಹೇಳುವುದು ಅಧಿಕಪ್ರಸಂಗ. ಅದನ್ನು ಓದುಗರೇ ಕಾಣಬೇಕು. ನೋಡಿದವನ ಹೆಸರನ್ನೂ ತೆಗೆದೆ. ‘ಅರಿಯೆ’ ಮತ್ತು ‘ಅರಿತ’ ಪಕ್ಕಪಕ್ಕದಲ್ಲಿ ನಿಂತ ಮೇಲೆ ‘ಕರುಣೆ’ ಎಂಬ ಪದಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ. ನಿಮ್ಮ ಸಾಲುಗಳನ್ನೂ ಹೀಗೆ ಬೆರಳೆಣಿಸಿ ಗಟ್ಟಿಯಾಗಿ ಓದಿ, ನಾಲಿಗೆ ಎಡವಿದ ಕಡೆ ಪದವನ್ನು ಬದಲಿಸಿರಿ.

ಏಳನೆಯ ಹೆಜ್ಜೆ: ಕರುಣೆಯನ್ನು ತಡವಾಗಿ ಒಳಗೆ ಬಿಡಿ

ಕವಿತೆಯ ಮೂರರಲ್ಲಿ ಎರಡು ಪಾಲು ಮುಗಿಯುವವರೆಗೂ ಕ್ಷಮೆಯ ಸುಳಿವು ಬರಬಾರದು. ಬರುವಾಗಲೂ ಅದು ಭಾಷಣವಾಗಿ ಬರದೆ ಒಂದು ನೋಟವಾಗಿಯೋ, ಸುಟ್ಟ ಮೀನಾಗಿಯೋ, ತೊಳೆದ ಪಾದದ ತೇವವಾಗಿಯೋ ಬರಬೇಕು. ಗೆತ್ಸೇಮನೆ ತೋಟದಲ್ಲಿ, ಹಿಡಿಯಬಂದವರಿಗೆ ಗುರುತಾಗಲೆಂದು ಮುದ್ದಿಟ್ಟ ಯೂದನನ್ನು ಯೇಸು ‘ಗೆಳೆಯಾ’ ಎಂದು ಕರೆದನೆಂದು ಮತ್ತಾಯ ಬರೆದಿದ್ದಾನೆ (26:50). ಆ ಒಂದು ಸಂಬೋಧನೆ ಇಡೀ ಒಂದು ಚರಣದ ಕೆಲಸ ಮಾಡಬಲ್ಲದು.

ಯೂದನನ್ನು ಏನು ಮಾಡಬೇಕೆಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ: ನಿರಪರಾಧಿಯ ರಕ್ತವನ್ನು ಒಪ್ಪಿಸಿ ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದವನು ಯೂದನೇ. ಪೇತ್ರನು ಅತ್ತನು ಅಷ್ಟೇ, ಒಂದು ಮಾತೂ ಆಡಲಿಲ್ಲ. ಆದರೆ ಯೂದನು ತನ್ನ ತಪ್ಪನ್ನು ಹೇಳಿಕೊಂಡದ್ದು ಯಾರ ಮುಂದೆ? ‘ಅದು ನಮಗೇನು, ನೀನೇ ನೋಡಿಕೋ’ ಎಂದವರ ಮುಂದೆ. ಇಬ್ಬರ ನಡುವಿನ ಅಂತರ ತಪ್ಪಿನ ಗಾತ್ರದಲ್ಲಿ ಇಲ್ಲ, ಆಮೇಲೆ ಅವರು ಯಾರ ಕಡೆಗೆ ನಡೆದರು ಎಂಬುದರಲ್ಲಿದೆ. ಇಟಲಿಯ ಕವಿ ದಾಂತೆ ಯೂದನನ್ನು ನರಕದ ಅತಿ ಆಳದಲ್ಲಿ ಸೈತಾನನ ಬಾಯಿಗೆ ಕೊಟ್ಟಿದ್ದಾನೆ; ನೀವು ಹಾಗೆ ಮಾಡಬೇಕಾಗಿಲ್ಲ, ಅವನನ್ನು ಸ್ವರ್ಗಕ್ಕೆ ಏರಿಸುವ ಅವಸರವೂ ಬೇಡ. ನಾಣ್ಯಗಳು ಕಲ್ಲಿನ ನೆಲದ ಮೇಲೆ ಉರುಳುವ ಸದ್ದಿನಲ್ಲಿಯೇ ಅವನನ್ನು ಬಿಡಬಹುದು. ಇದು ಸಭೆಯ ಬೋಧನೆಗೆ ವಿರೋಧವೇನೋ ಎಂದು ಅಳುಕಿದರೆ ನಿಮ್ಮ ಫಾದರನ್ನೋ ಸಭಾಪಾಲಕರನ್ನೋ ಕೇಳಿ ನೋಡಿರಿ, ಆದರೆ ಕರಡು ಮುಗಿದ ಮೇಲೆ ಕೇಳಿರಿ.

ಕೊನೆಯ ಹೆಜ್ಜೆ: ತಿದ್ದುವುದು, ಓದುವುದು

ಒಂದು ವಾರ ಹಾಳೆಯನ್ನು ಮುಚ್ಚಿಡಿ. ತೆರೆದಾಗ ‘ಅಮೂಲ್ಯ ರಕ್ತ’, ‘ಕಲ್ವಾರಿಯ ಪ್ರೀತಿ’, ‘ಅಪಾರ ಕೃಪೆ’ಯಂಥ ಸಿದ್ಧ ಜೋಡಿಪದಗಳ ಕೆಳಗೆ ಗೆರೆ ಎಳೆಯಿರಿ. ಅವು ಕೀರ್ತನೆಗಳಲ್ಲಿ ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ, ನಿಮ್ಮ ಕವಿತೆಯಲ್ಲಿ ಎರವಲಾಗಿ ನಿಲ್ಲುತ್ತವೆ. ಉದ್ಗಾರ ಚಿಹ್ನೆಗಳನ್ನೆಲ್ಲ ತೆಗೆಯಿರಿ. ಕೊನೆಯ ನಾಲ್ಕು ಸಾಲುಗಳನ್ನು ಕೈಯಿಂದ ಮುಚ್ಚಿ ಓದಿರಿ. ಕವಿತೆ ಅಲ್ಲಿಗೇ ಮುಗಿದಂತೆ ಅನಿಸಿದರೆ, ಹತ್ತರಲ್ಲಿ ಏಳು ಸಲ ಹಾಗೆಯೇ ಅನಿಸುತ್ತದೆ, ಆ ನಾಲ್ಕನ್ನು ಬಿಟ್ಟುಬಿಡಿ. ಬೈಬಲಿನ ಕಥೆ ಗೊತ್ತಿಲ್ಲದ ಒಬ್ಬ ಸ್ನೇಹಿತರಿಗೂ ಒಮ್ಮೆ ಓದಿ ಹೇಳಿ, ಅವರಿಗೆ ಏನು ಕಾಣಿಸಿತೆಂದು ಕೇಳಿರಿ. ಬೆಂಕಿ, ಕೈ, ಕೋಳಿ ಕಾಣಿಸಿದವು ಎಂದರೆ ಸಾಕು.

ಪವಿತ್ರ ಗುರುವಾರದ ರಾತ್ರಿಯ ಜಾಗರಣೆಯಲ್ಲೋ, ಶುಕ್ರವಾರ ಶಿಲುಬೆಯ ಏಳು ಮಾತುಗಳ ಧ್ಯಾನದ ನಡುವೆಯೋ ಓದುವ ಅವಕಾಶ ಸಿಕ್ಕಿದರೆ, ಮೈಕಿನಿಂದ ಒಂದು ಗೇಣು ಹಿಂದೆ ನಿಂತು, ಮಾಮೂಲಿಗಿಂತ ನಿಧಾನವಾಗಿ, ಸಾಲಿನ ತುದಿಯಲ್ಲಿ ಉಸಿರು ತೆಗೆದುಕೊಂಡು ಓದಿರಿ. ಮುನ್ನುಡಿ ಬೇಡ, ‘ಈ ಕವಿತೆಯಲ್ಲಿ ನಾನು ಹೇಳಹೊರಟಿರುವುದು’ ಎಂಬ ವಿವರಣೆಯಂತೂ ಬೇಡವೇ ಬೇಡ. ಕೊನೆಯ ಸಾಲಾದ ಮೇಲೆ ಹಾಳೆಯನ್ನು ಮಡಚಿ, ಹೋಗಿ ನಿಮ್ಮ ಬೆಂಚಿನಲ್ಲಿ ಕುಳಿತುಕೊಳ್ಳಿರಿ.